ಚೆನ್ನಾಗಿದ್ದಾಳೆ ಎಂದೆ

ಮಾರ್ಲಿಸ್,

ಇವತ್ತು ಸಾಸ್ಕಟೂನಿನ ನಮ್ಮ ಕಾನೂನು ಕಾಲೇಜಿನಲ್ಲಿ ನನ್ನ ಉಪನ್ಯಾಸವಿತ್ತು. ಮನುಷ್ಯರ ಜೀನಿನ ಮೇಲೆ ಕಂಪನಿಯೊಂದು ಪೇಟೆಂಟ್ ಪಡೆಯಬಹುದೇ ಎಂಬ, ನಾವಿಬ್ಬರೂ ಜೊತೆಗೆ ಹಿಡಿದ ಪ್ರಶ್ನೆಯ ಬಗ್ಗೆಯೇ. ಸಭಾಂಗಣ ತುಂಬಿತ್ತು. ನೀನಿದ್ದಾಗ ಒಮ್ಮೆಯೂ ನನ್ನ ಮಾತು ಕೇಳಲು ಅಷ್ಟು ಜನ ಸೇರಿರಲಿಲ್ಲ.

ಮುಗಿದ ಮೇಲೆ ವೆರ್ನಾ ಎಂಬ ಹೆಂಗಸು ನೇರ ನನ್ನ ಬಳಿಗೆ ಬಂದಳು. ಸಹಿ ಕೇಳುತ್ತಾಳೆಂದು ನಾನು ಪೆನ್ನಿನ ಮುಚ್ಚಳ ತೆಗೆದೆ.

"ಬೇಜಾರು ಮಾಡ್ಕೋಬೇಡಿ ಮೇಡಂ, ನಿಮ್ಮ ಪುಸ್ತಕ ಮೂರು ಪುಟ ಓದಿ ಮುಚ್ಚಿಟ್ಟೆ," ಎಂದಳು. "ಮಾರ್ಲಿಸ್ ಅವ್ರದ್ದು ಹಂಗಲ್ಲ. ನಮ್ಮಕ್ಕಂಗೆ ಕ್ಯಾನ್ಸರ್ ಇತ್ತು. ಅವಳ ಮೈಯಲ್ಲಿರೋ ಜೀನ್ ಪರೀಕ್ಷೆ ಮಾಡೋಕೆ ಇನ್ಯಾರದ್ದೋ ಅಪ್ಪಣೆ ಯಾಕಪ್ಪಾ ಅಂತ ಎಷ್ಟು ಚೆನ್ನಾಗಿ ಬರ್ದಿದ್ದಾರೆ! ಆಸ್ಪತ್ರೇಲಿ ಅಕ್ಕ ದಿನಾ ನನ್ನ ಹತ್ರ ಓದಿಸ್ಕೊಳ್ಳೋಳು."

ಆ ಪುಸ್ತಕ ಹಸ್ತಪ್ರತಿಯಾಗಿದ್ದಾಗ ನೀನು ಅದನ್ನು ಮೊದಲು ಕಳಿಸಿದ್ದ ಪ್ರಕಾಶಕರು ಗುಟ್ಟಾಗಿ ನನ್ನ ಅಭಿಪ್ರಾಯ ಕೇಳಿದ್ದರು. 'ಕತೆಯಂತಿದೆ, ಇದರಲ್ಲಿ ಕಾನೂನಿಲ್ಲ' ಎಂದು ನಾನು ಬರೆದುಕೊಟ್ಟೆ. ಅವರು ಬೇಡವೆಂದ ದಿನ ನೀನು ಬಂದು ಅತ್ತದ್ದು ನನ್ನ ಅಡುಗೆಮನೆಯಲ್ಲೇ. ಅದು ಬೇರೆ ಕಡೆ ಅಚ್ಚಾಗಲು ಆರು ವರ್ಷ ಹಿಡಿಯಿತು.

"ಅವ್ರು ನಿಮಗೆ ಗೊತ್ತಾ? ಹೆಂಗಿದ್ದಾರೆ?" ಎಂದು ವೆರ್ನಾ ಕೇಳಿದಳು.

ನೀನು ತೀರಿಕೊಂಡು ಐದು ತಿಂಗಳಾಯಿತು. ಹಾಗೆಂದಿದ್ದರೆ ಆಕೆ ಅಲ್ಲೇ, ನನ್ನ ಕಣ್ಣೆದುರೇ, ನಿನಗಾಗಿ ಅಳುತ್ತಿದ್ದಳು. ಅದನ್ನು ನೋಡಿಕೊಂಡು ನಿಲ್ಲುವುದು ನನ್ನಿಂದಾಗುತ್ತಿರಲಿಲ್ಲ.

"ಚೆನ್ನಾಗಿದ್ದಾಳೆ," ಎಂದೆ.

ಅವಳ ಮುಖ ಅರಳಿತು. "ಅಕ್ಕ ಕೊನೇವರೆಗೂ ಅವ್ರನ್ನ ನೆನೀತಿದ್ಲು ಅಂತ ಹೇಳ್ತೀರಾ?"

ಹೇಳುತ್ತೇನೆ ಎಂದು ಮಾತು ಕೊಟ್ಟೆ, ಮಾರ್ಲಿಸ್.