ಸತ್ತ ಗಡಿಯಾರದ ಲ್ಯಾಪ್‌ಟಾಪ್

ಮಾರ್ಚ್ ೩, ಬೆಳಿಗ್ಗೆ ೧೦

ಹಳೇ ಲ್ಯಾಪ್‌ಟಾಪಿನ ನೆಟ್‌ವರ್ಕ್ ಕಾರ್ಡ್ ಇವತ್ತೂ ಮೇಲೇಳಲಿಲ್ಲ. ಪಕ್ಕದ ಸಂದಿಗೆ ತುರುಕಿದರೆ ಹಸಿರು ದೀಪ ಒಮ್ಮೆ ಮಿಣುಕುತ್ತದೆ, ಅಷ್ಟೆ. ಕಪ್ಪು ಪರದೆಯ ಡಾಸ್. ಫ್ಲಾಪಿ ಓದುತ್ತದೆ, ಬರೆಯುವುದಿಲ್ಲ. ಒಳಗೆ ಗಿರಣಿಯ ಮುನ್ನೂರು ಹೆಂಗಸರ ಶ್ವಾಸಕೋಶ ತಪಾಸಣೆಯ ದಾಖಲೆ. ಅಕ್ಕನದೂ. ಹದಿನಾಲ್ಕಕ್ಕೆ ಕೋರ್ಟಿನಲ್ಲಿ ಪರಿಹಾರದ ವಿಚಾರಣೆ. ಸ್ಕ್ರೂ ಬಿಚ್ಚಬೇಡ, ಒಂದು ಫೈಲೂ ತೆರೆಯಬೇಡ, ಇದ್ದದ್ದು ಇದ್ದ ಹಾಗೆ ನಕಲು ತೆಗಿ — ವಕೀಲೆಯ ಆಜ್ಞೆ. ನೆಟ್‌ವರ್ಕ್ ಒಂದೇ ದಾರಿ.

ಮತ್ತೆ ಆನ್ ಮಾಡಿದೆ. ಎರಡು ಬೀಪ್. ನಿಂತಿತು. ಅಡುಗೆಮನೆಯಿಂದ ಭಾವ ಕೂಗಿದರು: "ಎಫ್ ಒನ್ ಒತ್ತೇ, ಮುಂದಕ್ಕೆ ಹೋಗತ್ತೆ."

ಒತ್ತಿದೆ. ಹೋಯಿತು.

ಮಾರ್ಚ್ ೬

ಗಿರಣಿ ಕಾರ್ಮಿಕರ ಸಂಘದ ಅಧ್ಯಕ್ಷರ ಫೋನ್. ಇವತ್ತು ಮೂರನೇ ಸಲ. "ಸಿಕ್ತೇನಮ್ಮಾ?" ಈ ಲ್ಯಾಪ್‌ಟಾಪನ್ನು ಇಷ್ಟು ವರ್ಷ ಸಂಘದ ಬೀರುವಿನಲ್ಲಿ ಕೊಳೆಯಲು ಬಿಟ್ಟವರಿಗೆ ಈಗೇಕೆ ಅವಸರ? ಗಿರಣಿ ಮುಚ್ಚಿದ ದಿನ ಮಾಲೀಕನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಮನುಷ್ಯ. ನಾನು ನಂಬುವುದಿಲ್ಲ.

ಭಾವ ನಕ್ಕರು. "ನಿಂಗೆ ನಿನ್ನ ನೆರಳ ಮೇಲೂ ಅನುಮಾನ. ನಂಗಂತೂ ಕಂಪ್ಯೂಟರಿನ ಗಂಧಗಾಳಿ ಇಲ್ಲ. ಟೀ ಕುಡಿ."

ಅಕ್ಕ ಕೆಮ್ಮಿನ ನಡುವೆಯೇ: "ಇವಳು ಮದುವೆ ಆಗದೇ ಇದ್ದದ್ದು ಒಳ್ಳೇದಾಯ್ತು. ಕಟ್ಕೊಂಡವನು ದಿನಾ ಬೆರಳಚ್ಚು ಕೊಡಬೇಕಿತ್ತು."

ಮಾರ್ಚ್ ೯, ಸಂಜೆ ೪

ನೆಟ್‌ವರ್ಕ್ ಕಾರ್ಡೂ ಸೌಂಡ್ ಕಾರ್ಡೂ ಒಂದೇ ಇಂಟರಪ್ಟ್ ನಂಬರಿಗೆ, ಅಂದರೆ ಪ್ರೊಸೆಸರನ್ನು ಕರೆಯುವ ಒಂದೇ ಸಾಲಿಗೆ, ಕಿತ್ತಾಡುತ್ತಿದ್ದವು. ಐದು. ಕಾರ್ಡಿಗೆ ಹತ್ತು ಕೊಟ್ಟೆ. ದೀಪ ಹತ್ತಿತು, ಆರಲಿಲ್ಲ. ಫೈಲುಗಳೆಲ್ಲ ನನ್ನ ಯಂತ್ರಕ್ಕೆ ಬಂದವು.

ಎಲ್ಲದರ ದಿನಾಂಕ ೧೯೯೭. ಒಂದರದು ಮಾತ್ರ ೧-೧-೧೯೮೦. ಗಡಿಯಾರದ ಸೆಲ್ ಸತ್ತ ಮೇಲೆ ಈ ಯಂತ್ರಕ್ಕೆ ಎಲ್ಲ ದಿನವೂ ಅದೇ ದಿನ. ವರ್ಷಗಟ್ಟಲೆ ಬಳಸದೇ ಬಿದ್ದಿದ್ದಕ್ಕೇ ಸೆಲ್ ಸತ್ತದ್ದು. ಅಂದರೆ ಗಿರಣಿ ಮುಚ್ಚಿದ ಮೇಲೆ, ಬೀರುವಿನಲ್ಲಿದ್ದಾಗಲೇ, ಯಾರೋ ತಿದ್ದಿದ್ದಾರೆ.

ನಕಲನ್ನು ತೆರೆದೆ. ನೂಲು ವಿಭಾಗ. ಹನ್ನೊಂದು ಹೆಸರು. ಎಲ್ಲರೂ 'ಆರೋಗ್ಯ'. ಅಕ್ಕನೂ ಆರೋಗ್ಯ... ಪಕ್ಕದ ಕೋಣೆಯಲ್ಲಿ ಕೆಮ್ಮುತ್ತಿರುವವಳು.

ತಿದ್ದುವ ಮುಂಚಿನ ಪ್ರತಿಯನ್ನು ಎಡಿಟರ್ ಪ್ರೋಗ್ರಾಂ ತಾನಾಗಿಯೇ ಬ್ಯಾಕಪ್ ಎಂದು ಎತ್ತಿಟ್ಟುಕೊಂಡಿದೆ. ಕಳ್ಳನಿಗೆ ಇದು ಗೊತ್ತಿರಲಿಲ್ಲ. ಅದರಲ್ಲಿ ಅದೇ ಹನ್ನೊಂದು ಹೆಸರು: 'ಶ್ವಾಸಕೋಶದಲ್ಲಿ ಧೂಳು. ನೂಲಿನ ಕೆಲಸದಿಂದ ತೆಗೆಯಿರಿ.' ತೆಗೆಯಲಿಲ್ಲ. ಇನ್ನೂ ಏಳು ವರ್ಷ ದುಡಿಸಿಕೊಂಡರು.

ಮಾರ್ಚ್ ೧೧

ಅಧ್ಯಕ್ಷರ ಮನೆಗೇ ನುಗ್ಗಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಮುಗಿಯುವವರೆಗೆ ಕೇಳಿದರು.

"ಬೀರು ಸಂಘದ್ದೇ ಕಣಮ್ಮಾ. ಕೀಲಿ ನಿಮ್ಮ ಭಾವನ ಹತ್ರ ಇತ್ತಲ್ಲ. ಮಾಲೀಕನ ಗೋದಾಮಲ್ಲಿ ಕೆಲಸ ಸಿಗೋವರೆಗೂ ಆಫೀಸು ನೋಡ್ಕೊಂಡಿದ್ದು ಅವರೇ."

"ಅವರಿಗೆ ಆನ್ ಮಾಡೋಕೂ ಬರಲ್ಲ," ಅಂದೆ.

ಅಂದವಳಿಗೆ ದಾರಿಯಲ್ಲಿ ಆ ಎರಡು ಬೀಪ್ ನೆನಪಾದವು. ಸೆಲ್ ಸತ್ತ ಮೇಲಷ್ಟೇ ಅದು ಹಾಗೆ ಕೂಗುವುದು. ಭಾವ ಪರದೆ ನೋಡಿರಲಿಲ್ಲ. ಅಡುಗೆಮನೆಯಲ್ಲಿದ್ದರು. ಬೀಪ್ ಕೇಳಿಯೇ ಎಫ್ ಒನ್ ಅಂದಿದ್ದರು.

ಮಾರ್ಚ್ ೧೩, ಸಂಜೆ ೬

ಎರಡು ದಿನ ಭಾವ ಕೊಟ್ಟ ಟೀ ಮುಟ್ಟಲಿಲ್ಲ. ಮಾಲೀಕನ ಕೈಗೆ ಕೊಳೆ ಹತ್ತುವುದಿಲ್ಲ. ನಮ್ಮವರ ಬೆರಳೇ ಬಾಡಿಗೆಗೆ ಸಿಗುತ್ತದೆ.

ಎರಡೂ ಪ್ರತಿ ವಕೀಲೆಗೆ ತಲುಪಿಸಿದೆ. ಮನೆಗೆ ಬಂದಾಗ ಭಾವ ಅಕ್ಕನ ಬೆನ್ನು ನೀವುತ್ತಿದ್ದರು.

"ಯಾರು ತಿದ್ದಿದ್ದು, ಗೊತ್ತಾಯ್ತಾ?" ಅಕ್ಕ ಕೇಳಿದಳು.

ನೀವುವ ಕೈ ನಿಂತಿತು.

"ನಾಳೆ ಹೇಳ್ತೀನಿ ಅಕ್ಕಾ. ಎಲ್ಲರ ಮುಂದೆ."

ಈಗ ಭಾವ ನನ್ನ ಕೋಣೆಗೆ ಬಂದು ಯಂತ್ರದ ಪಕ್ಕ ಕೂತಿದ್ದಾರೆ. ನಾನು ಬರೆಯುವುದನ್ನು ನಿಲ್ಲಿಸಿಲ್ಲ.

"ಬರ್ಕೋ," ಅನ್ನುತ್ತಿದ್ದಾರೆ. "ಹತ್ತು ಹೆಸರು ಸಲೀಸಾಗಿ ತಿದ್ದಿಬಿಟ್ಟೆ. ನಿಮ್ಮಕ್ಕಂದು ಕೊನೇದು. ಅಲ್ಲಿಗೆ ಬಂದಾಗ ನಾನು ಎದ್ದು ಹೋಗಿ ಒಂದು ಟೀ ಕುಡಿದು ಬಂದು, ಅದನ್ನೂ ತಿದ್ದಿದೆ."