ಕೆಂಪಿಯನ್ನು ಯಾಮಾರಿಸಿದೆ

ಅತ್ತೆ,

ಇವತ್ತು ಸಂಜೆ ನಿಮ್ಮ ಹಳೇ ಹಸಿರು ಸೀರೆ ಉಟ್ಟು ಕೆಂಪಿಯ ಹಾಲು ಕರೆದೆ. ಕರು ಸತ್ತ ಮೇಲೆ ಅವಳು ಹಾಲು ಬಿಡುತ್ತಿದ್ದದ್ದು ನಿಮಗೊಬ್ಬರಿಗೇ. ನೀವು ತೀರಿಕೊಂಡಾಗಿನಿಂದ ನಾನು ಹತ್ತಿರ ಹೋದರೆ ಒದೆಯುತ್ತಿದ್ದಳು; ಬಾಗಿಲ ಕಡೆ ತಿರುಗಿ ನಿಮ್ಮನ್ನು ಕೂಗುತ್ತಿದ್ದಳು. ಕೆಚ್ಚಲು ಕಲ್ಲಾಗಿತ್ತು. "ಅವ್ವನ ಸೀರೆ ಉಟ್ಕಂಡು ಯಾಮಾರ್ಸು ಬುಡು," ಅಂದರು ನಿಮ್ಮ ಮಗ.

ನಮ್ಮ ನಿಟ್ಟೂರಿನಲ್ಲಿ ಯಾಮಾರಿಸೋದು ಅನ್ನೋದು ದಿನಾ ಕೇಳುವ ಮಾತು. ಮಗುವಿಗೆ ಬೆಲ್ಲದಲ್ಲಿ ಮಾತ್ರೆ ನುಂಗಿಸಿದರೂ ಯಾಮಾರಿಸೋದೇ, ಸಂತೆಯವನು ತಳಕ್ಕೆ ಕೊಳೆತ ಟೊಮೇಟೊ ಹಾಕಿ ಕೊಟ್ಟರೂ ಯಾಮಾರಿಸೋದೇ. ಎರಡಕ್ಕೂ ನೀವು ನಗುತ್ತಿದ್ದಿರಿ. ಆದರೆ ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಕೆಂಪಿಯ ಮುಂದೆ ನಿಲ್ಲಿಸೋಣ ಎಂದವರಿಗೆ ಮಾತ್ರ ಉಗಿದಿರಿ: "ಬಾಯಿಲ್ಲದ್ದನ್ನ ಯಾಮಾರಿಸ್ತೀರೇನ್ರೋ? ಥೂ!"

ಸೀರೆಯಲ್ಲಿ ನಿಮ್ಮ ಎಲೆಅಡಿಕೆ, ಸಗಣಿ, ವಿಭೂತಿಯ ವಾಸನೆ ಇನ್ನೂ ಇತ್ತು. ಕೆಂಪಿ ಸೆರಗು ಮೂಸಿದಳು, ನನ್ನ ಭುಜ ನೆಕ್ಕಿದಳು. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ನಿಮ್ಮದೇ ದನಿ ತೆಗೆದು, "ಬಂದೆ ಕಣವ್ವಾ," ಅಂದುಬಿಟ್ಟೆ. ಧಾರಾಳವಾಗಿ ಹಾಲು ಬಿಟ್ಟಳು. ತಲೆ ಎತ್ತಿ ಅವಳ ಕಣ್ಣು ನೋಡಲು ನನ್ನಿಂದ ಆಗಲಿಲ್ಲ.

ನಿಮ್ಮ ಮಗ ಖುಷಿಯಾಗಿ ಡೇರಿಗೆ ಹಾಲು ಹಾಕಿ ಬಂದರು. ಕಾಫಿಗೆಂದು ನಾನು ಎತ್ತಿಟ್ಟ ಲೋಟದ ಹಾಲು ಒಲೆಯ ಪಕ್ಕ ಹಾಗೇ ಇದೆ.

ಕೊಟ್ಟಿಗೆಯಲ್ಲಿ ಸದ್ದಿಲ್ಲ. ಕೆಂಪಿ ಇವತ್ತು ನಿಮ್ಮನ್ನು ಕೂಗಲಿಲ್ಲ. ನೀವು ಬಂದಿದ್ದೀರಿ ಅಂದುಕೊಂಡು ಮೆಲುಕು ಹಾಕುತ್ತಾ ಮಲಗಿದ್ದಾಳೆ.