ಗಂಗೊಳ್ಳಿಯ ತಿರುವು

ಮಲ್ಲಂದೂರು
೧೯ ಮಾರ್ಚ್ ೨೦೨೫

ಪ್ರೀತಿಯ ಧನ್ಯಾ,

ನೀನು, ಯೋಗೇಶ್, ಪುಟ್ಟಿ ಮೂವರೂ ಸುಖವಾಗಿರಿ. ನಾವು ಬಂದು ವಾರವಾದರೂ ಒಂದು ಸಾಲು ಬರೆಯಲಿಲ್ಲ, ಬೈದುಕೋ. ಫೋನಿನಲ್ಲಿ ಮಾತಾಡೋಣವೆಂದರೆ ನಿಮ್ಮಪ್ಪ ಪಕ್ಕದಲ್ಲೇ ಪೇಪರ್ ಹಿಡಿದು ಕೂತಿರುತ್ತಾರೆ. ಕಣ್ಣು ಪೇಪರಿನ ಮೇಲೆ, ಕಿವಿ ನನ್ನ ಮೇಲೆ.

ಪ್ರವಾಸ ಚೆನ್ನಾಗಿಯೇ ಆಯಿತು. ಐದು ವರ್ಷದಿಂದ ನಿನ್ನ ಹೆಸರೆತ್ತದ ಮನುಷ್ಯ, ಗೋಕರ್ಣಕ್ಕೆ ಹೊರಡುವ ಮೊದಲು ತಾವಾಗಿಯೇ, "ಕೊನೇ ದಿನ ಗಂಗೊಳ್ಳಿಗೆ ಹೋಗಿ ಮಗಳ ಮನೇಲೇ ಊಟ ಮಾಡೋಣ ಕಣೇ. ಕಡುಬು, ಏಲಕ್ಕಿ ಪಾಯಸ ಮಾಡಕ್ಕೆ ಹೇಳು" ಎಂದಿದ್ದರು. ಕೇಳಿದ ಸಂತೋಷಕ್ಕೆ ಒಲೆ ಮೇಲಿನ ಹಾಲು ಉಕ್ಕಿಸಿಬಿಟ್ಟೆ. ಐಸ್ ಪ್ಲಾಂಟಿನವನ ಕೈ ಹಿಡಿದಳು ಅಂತ ಹಲ್ಲು ಕಡಿಯುತ್ತಿದ್ದವರ ಬಾಯಲ್ಲಿ ಮಗಳು ಎನ್ನುವ ಮಾತು. ಆಮೇಲೆ ನಾನು ಸಮುದ್ರ ನೋಡಿದ್ದೆಲ್ಲ ಸುಳ್ಳು. ನಿನ್ನ ಮನೆ ಇನ್ನೆಷ್ಟು ದೂರ ಎಂದು ರಸ್ತೆಯ ಬೋರ್ಡುಗಳನ್ನೇ ನೋಡುತ್ತಿದ್ದೆ.

ಕೊನೆಯ ದಿನ ಅವರಿಗೆ ಎಲ್ಲಿಲ್ಲದ ಉತ್ಸಾಹ. ಒತ್ತಿನೆಣೆ ಗುಡ್ಡ ಹತ್ತಿಸಿದರು. ಮರವಂತೆಯಲ್ಲಿ ಕಾರು ನಿಲ್ಲಿಸಿ, "ನೋಡೇ, ಈ ಕಡೆ ಸಮುದ್ರ, ಆ ಕಡೆ ಹೊಳೆ" ಎಂದು ಎಳನೀರು ಕುಡಿಸಿದರು. ಪುಟ್ಟಿಗೆ ತಂದ ಲಂಗ ತೊಡೆಯ ಮೇಲಿಟ್ಟುಕೊಂಡು, "ಹೊತ್ತಾಯ್ತು ಹೊರಡಿ, ಮಗು ಹಸ್ಕೊಂಡಿರುತ್ತೆ" ಎಂದು ಗೊಣಗಿದೆ. ಅಷ್ಟರಲ್ಲಿ ಅವರಿಗೆ ಫೋನ್ ಬಂತು. ಮರಳಿನಲ್ಲಿ ಅಷ್ಟು ದೂರ ಹೋಗಿ ಮಾತಾಡಿ ಬಂದರು.

"ನಮ್ಮ ತೋಟದ ರೈಟರ್ ಮಲ್ಲಿಕಾರ್ಜುನ. ಕಾಫಿಗೆ ಹೂಮಳೆ ಬಿದ್ದಿದೆಯಂತೆ, ಅರ್ಧ ಇಂಚೂ ಇಲ್ಲ, ಮೊಗ್ಗು ಅರಳಕ್ಕೆ ಸಾಲ್ದು. ಈಗಲೇ ಹೋಗಿ ಸ್ಪ್ರಿಂಕ್ಲರ್ ಹಾಕ್ದಿದ್ರೆ ಮೊಗ್ಗೆಲ್ಲ ಹಾಳು."

"ಹತ್ತು ನಿಮಿಷ ನಿಲ್ಸಿ, ಮಗು ಮುಖ ನೋಡಿ ಬರ್ತೀನಿ" ಎಂದೆ.

"ಕಾಫಿ ಹೂವು ಕಾಯುತ್ತೇನೇ?" ಎಂದರು.

ಅದಕ್ಕೆ ನಮ್ಮ ಕಡೆ ಯಾರು ಎದುರಾಡುತ್ತಾರೆ? ಹೂಮಳೆ ಎಂದರೆ ಸಾವಿನ ಮನೆಯಿಂದಲೂ ಎದ್ದು ಹೋಗುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ಕಾರು ಗಂಗೊಳ್ಳಿಯ ತಿರುವು ದಾಟಿ ಮುಂದೆ ಹೋಯಿತು.

ಕಾರಿನಿಂದಲೇ ಫೋನ್ ಮಾಡಿ ಹೇಳಿದಾಗ ನೀನಾದರೂ ಜಗಳ ಆಡಬಾರದಿತ್ತಾ? "ಪುಟ್ಟಿ ಬೆಳಿಗ್ಗೆಯಿಂದ ಗೇಟು ಬಿಟ್ಟು ಅಲ್ಲಾಡಿಲ್ಲಮ್ಮ" ಎಂದವಳು, ಮಳೆ ಎಂದ ಕೂಡಲೇ, "ಹೌದಾ, ಎಷ್ಟು ಬಿತ್ತಂತೆ? ಮೊದ್ಲು ಹೋಗಿ. ಅಪ್ಪಂಗೆ ಘಾಟೀಲಿ ನಿಧಾನ ಓಡ್ಸಕ್ಕೆ ಹೇಳು" ಎಂದೆ. ಬೇರೆಯವರಾಗಿದ್ದರೆ ಫೋನ್ ಕುಕ್ಕುತ್ತಿದ್ದರು.

ಲಂಗ ಪಾರ್ಸೆಲ್ ಮಾಡಿದ್ದೇನೆ, ಸೊಂಟ ಸಡಿಲವಾದರೆ ಒಂದು ಹೊಲಿಗೆ ಹಾಕು. ಯೋಗೇಶನಿಗೂ ನನ್ನ ಆಶೀರ್ವಾದ ಹೇಳು. ನಿನ್ನ ಸಂಸಾರಕ್ಕೆ ಯಾರ ಕಣ್ಣೂ ತಾಗದಿರಲಿ.

ನಿನ್ನ ಅಮ್ಮ,
ಸರ್ವಮಂಗಳಾ

ತಾ.ಕ.: ಲಕೋಟೆ ಅಂಟಿಸಲು ಕೈ ಬರಲಿಲ್ಲ. ಮಳೆ ಬಂದಿರಲಿಲ್ಲ ಕಣೇ. ಊರು ಹತ್ತಿರವಾಗಿ ವಸ್ತಾರೆ ದಾಟಿದರೂ ಕಾರಿನ ಹಿಂದೆ ಬರೀ ಧೂಳು. ಮಲ್ಲಿಕಾರ್ಜುನನನ್ನು ಕೇಳಿದೆ. "ಮಧ್ಯಾಹ್ನ ಸುಮ್ನೆ ಒಂದು ಫೋನ್ ಮಾಡು ಅಂತ ಸಾವ್ಕಾರ್ರು ಹೇಳಿದ್ರು, ಮಾಡ್ದೆ. ಮಳೆ ಎಲ್ಲಿ ಬಂತು ಅಮ್ಮಾವ್ರೇ?" ಎಂದ. ಮಳೆಯ ವಿಷಯದಲ್ಲಿ ಸುಳ್ಳು ಹೇಳಿದವರನ್ನು ನಾನು ಈ ಸೀಮೆಯಲ್ಲಿ ಕಂಡಿರಲಿಲ್ಲ. ಯಾಕೆ ಹೀಗೆ ಮಾಡಿದಿರಿ ಎಂದು ಊಟಕ್ಕೆ ಕೂತ ನಿಮ್ಮಪ್ಪನನ್ನು ಕೇಳಿದರೆ ತಲೆ ಕೂಡ ಎತ್ತಲಿಲ್ಲ. "ಅವ್ಳ ಮದುವೆ ದಿನ, ಗೊತ್ತು ಮಾಡಿದ್ದ ಗಂಡಿನ ಕಡೆಯೋರ್ನೆಲ್ಲ ಕೂರಿಸ್ಕೊಂಡು ಛತ್ರದಲ್ಲಿ ನಾನು ಕಾದಿಲ್ವಾ? ಅವ್ಳು ಆ ಯೋಗೇಶನ ಜೊತೆ ಬಸ್ ಹತ್ತಿದ್ಲು. ಮಾಡಿಸಿದ ಅಡಿಗೆ ಎಲ್ಲ ಆರೋಯ್ತು. ಅವ್ಳೂ ಒಂದಿನ ಅಡಿಗೆ ಮಾಡ್ಕೊಂಡು ಕಾಯ್ಲಿ" ಎಂದರು. ಪುಟ್ಟಿ ನಿಮಗೇನು ಮಾಡಿತ್ತು ಎಂದೆ. ಅನ್ನಕ್ಕೆ ತಟ್ಟೆ ಮುಂದೆ ಮಾಡಿದರು. ನಾನು ಬಡಿಸಿದೆ.